ಬಯಕೆಗೆ ಒಂದು ಮಾಕಳಿ ಬೇರು

ತೇಜಶ್ರೀಗೆ ಏಳನೇ ತಿಂಗಳು. ಅರಕಲಗೂಡು ಕಡೆಯ ತವರಿಗೆ ಬಂದವಳು, ಗಂಡ ಹೊಳೆನರಸೀಪುರದಿಂದ ತಂದ ಸಿಹಿಯನ್ನು ಮುಟ್ಟಲೂ ಇಲ್ಲ.

"ಮಾಕಳಿ ಬೇರಿನ ಉಪ್ಪಿನ್ಕಾಯಿ ಬೇಕು ಕಣಪ್ಪ" ಎಂದಳು.

ಅಪ್ಪ ಗುಂಡಯ್ಯನಿಗೆ ಹಿಗ್ಗು. ಆದರೆ ಬೇರು ಎಲ್ಲಿದೆ? ಒಂದು ಕಾಲಕ್ಕೆ ಊರ ಹಿಂದಿನ ಬೆಟ್ಟದ ತುಂಬ ಮಾಕಳಿ ಬಳ್ಳಿ ಇತ್ತು. ಸಂತೆಗೆಂದು ಜನ ಮೂಟೆಗಟ್ಟಲೆ ಅಗೆದು ಒಯ್ದರು. ಈಗ ಅವನ ಹೊಲದ ಅಂಚಿನ ಬಂಡೆಯ ಸಂದಿಯಲ್ಲಿ ಒಂದೇ ಬಳ್ಳಿ ಉಳಿದಿದೆ.

ಗುಂಡಯ್ಯ ಹಾರೆ ಹೊತ್ತು ಹೊರಟ. ತಂಗಿ ಲಕ್ಕಮ್ಮ ಕುಡುಗೋಲು ಹಿಡಿದು ಹಿಂದೆಯೇ ಬಂದಳು. ಕಾಡುಗಿಡ ಉಳಿಸುವ ತರಬೇತಿಗೆ ಮಹಿಳಾ ಸಂಘದವರ ಜೊತೆ ಹೋಗಿಬಂದವಳು ಅವಳು.

"ಆರೆ ಯಾಕಣ್ಣಯ್ಯ? ಬೇರು ಕೀಳಕ್ಕೋ, ಬಾವಿ ತೋಡಕ್ಕೋ?"

"ಬಸುರಿ ಬಯಕೆಗೆ ಬೇರು ತುಂಡಾಗ್ಬಾರ್ದು, ತುದಿವರ್ಗೂ ಅಗೀಬೇಕು ಅಂತ ಅವ್ವ ಏಳ್ತಿರ್ಲಿಲ್ವಾ?"

"ಏಳ್ತಿದ್ಲು. ಅವಾಗ ಬೆಟ್ಟದ ತುಂಬ ಬಳ್ಳಿ ಇತ್ತು. ಇದ್ನೂ ಕಿತ್ತಾಕಿದ್ರೆ ನಾಳೆ ಮೊಮ್ಮಗಳ ಬಯಕೆಗೆ ಏನ್ ಕೊಡ್ತೀಯ?"

"ಮಳೆ ಬಂದ್ರೆ ತಿರ್ಗಾ ಚಿಗುರ್ತದೆ ಬುಡು."

"ಬುಡಾನೇ ಇಲ್ದಿದ್ರೆ ಎಲ್ಲಿಂದ ಚಿಗುರ್ತದೆ? ಇಲ್ನೋಡು."

ಲಕ್ಕಮ್ಮ ಎಲೆ ಸರಿಸಿದಳು. ಕರುವಿನ ಕೊಂಬಿನಂತೆ ಜೋಡಿ ಕಾಯಿ ತೂಗುತ್ತಿದ್ದವು.

"ಇದೂ ಬಸುರೀನೇ ಕಣಣ್ಣಯ್ಯ."

ಗುಂಡಯ್ಯ ಹಾರೆ ಕೆಳಗಿಟ್ಟ. "ಮಗ್ಳು ಬಾಯ್ಬುಟ್ಟು ಕೇಳವ್ಳೆ. ಬರಿಗೈಲಿ ಎಂಗವ್ವ ಓಗ್ಲಿ?"

"ಬರಿಗೈಲಿ ಓಗು ಅಂದೋರ್ ಯಾರು?"

ಲಕ್ಕಮ್ಮ ಕೈಯಲ್ಲೇ ಮಣ್ಣು ಸರಿಸಿದಳು. ಬುಡದ ಗಡ್ಡೆಯನ್ನು ಮುಟ್ಟದೆ, ಪಕ್ಕಕ್ಕೆ ಹರಿದ ಬೇರುಗಳಲ್ಲಿ ಒಂದನ್ನು ಮಾತ್ರ ಕುಯ್ದಳು. ಮತ್ತೆ ಮಣ್ಣು ಮುಚ್ಚಿ, ಮೇಲೆ ತರಗೆಲೆ ಹರಡಿದಳು.

ಮನೆಯಲ್ಲಿ ಹೆಂಡತಿ ಮುದ್ದಮ್ಮ ಬೇರು ತೊಳೆದು, ನಡುವಿನ ನಾರು ತೆಗೆದು, ಹೆಚ್ಚಿ ಮಜ್ಜಿಗೆಗೆ ಹಾಕಿದಳು. ಅಳಿಯ ಧರ್ಮೇಂದ್ರ ಮೂಗು ಮುಚ್ಚಿಕೊಂಡ.

"ಅತ್ತೆ, ಇದೇನು ತಿಗಣೆ ವಾಸ್ನೆ!"

"ಬಸುರಿ ನೀವಲ್ಲ ಬುಡಿ, ಅಳಿಯಂದ್ರೆ!"

ತೇಜಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಪ್ಪಿನಕಾಯಿ ಮಾಗಿದ ದಿನ ಬಟ್ಟಲು ಅನ್ನ ಜಾಸ್ತಿಯೇ ಉಂಡಳು.

ಕಾಯಿ ಒಡೆದು ಬೀಜ ಗಾಳಿಗೆ ಹಾರದಿರಲೆಂದು ಗುಂಡಯ್ಯ ತಾನೇ ಹೋಗಿ ಹಳೇ ಪಂಚೆಯ ತುಂಡು ಕಟ್ಟಿಬಂದ. ಆ ಬೀಜ ಹಿತ್ತಲಲ್ಲಿ ಸಸಿಯಾಯಿತು. ಮೊಮ್ಮಗಳ ಮುಡಿ ತೆಗೆಸಿದ ದಿನ, ಬಂದ ನೆಂಟರಿಗೆ ತಾಂಬೂಲದ ಜೊತೆ ಒಂದೊಂದು ಸಸಿ.

"ಬೇರು ಯಾವಾಗ ಸಿಗ್ತದೆ ಮಾವ?" ಎಂದ ಧರ್ಮೇಂದ್ರ.

"ವರ್ಸಗಟ್ಲೆ ಕಾಯ್ಬೇಕು. ಅವ್ಸರ ಏನು? ಇವ್ಳೂ ಬೆಳೀಬೇಕಲ್ಲ" ಎಂದು ಗುಂಡಯ್ಯ ಮೊಮ್ಮಗಳ ಬೋಳುತಲೆ ಸವರಿದ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಕಾಡಿನ ಮಾಕಳಿಯನ್ನು ಅಗೆಯಬೇಡಿ. ನಿಮ್ಮ ಜಮೀನಿನಲ್ಲಿದ್ದರೆ ಗಡ್ಡೆ ಉಳಿಸಿ, ಪಕ್ಕದ ಬೇರೊಂದೇ ತೆಗೆಯಿರಿ. ಬೀಜ ಬಿತ್ತಿ, ಸಸಿ ಹಂಚಿ. ನಾಳೆ ನಿಮ್ಮ ಮನೆಯ ಹೆಣ್ಣುಮಗಳೊಬ್ಬಳು ಬಾಯಿಬಿಟ್ಟು ಕೇಳುತ್ತಾಳೆ. ಆ ಹೊತ್ತಿಗೆ ಬಳ್ಳಿ ಇರಲಿ.