ಅಂಚಿನಿಂದ ತೆಗೆದ ಎಳೆ

ಆಸ್ಪತ್ರೆಯ ಉಗ್ರಾಣದ ಹಿಂದಿನ ಕೋಣೆಯಲ್ಲಿ ಕೂತು ರೋಗಿಗಳ ರಗ್ಗುಗಳಿಗೆ ರಫೂ ಮಾಡುವುದು ಅವಳ ಕಸುಬು. ಎಲ್ಲರಿಗೂ ಅವಳು ರಫೂ ಅಕ್ಕ. ಹೊಸ ನೂಲು ಹಳೆಯ ಮೈಮೇಲೆ ಎದ್ದು ಕಾಣುತ್ತದೆಂದು ಅದನ್ನು ಮುಟ್ಟುತ್ತಿರಲಿಲ್ಲ. ರಗ್ಗಿನ ಅಂಚಿನಿಂದಲೇ ಎಳೆ ಬಿಡಿಸಿ, ಅದರಲ್ಲೇ ತೂತು ನೇಯ್ದು ಮುಚ್ಚಿ, ಅಂಚನ್ನು ಮತ್ತೆ ಮಡಿಸಿ ಹೊಲಿಯುತ್ತಿದ್ದಳು. ತಾಯಿ ಕಲಿಸಿದ್ದು ಹಾಗೆ.

ಆ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಉಗ್ರಾಣದ ರಗ್ಗುಗಳನ್ನೆಲ್ಲ ಗುಜರಿಗೆಂದು ಗಂಟು ಕಟ್ಟಿ ಬಾಗಿಲಿಗೆ ತಂದಿಟ್ಟಿದ್ದರು. ಮೇಲೊಂದು ಇಂಗ್ಲಿಷ್ ಚೀಟಿ, ಹೊಸ ಮೇಲ್ವಿಚಾರಕ ಅಂಟಿಸಿದ್ದು. ಅಲ್ಲೇ ನರ್ಸಾಗಿದ್ದ ನಾದಿನಿ ಓದಿ ಹೇಳಿದಳು: ಥ್ರೆಡ್‌ಬೇರ್.

"ಹಂಗಂದ್ರೆ?"

"ಮೇಲಿನ ಜುಂಗೆಲ್ಲ ಉದುರಿ ಬರೀ ಎಳೆ ಕಾಣೋ ಅಷ್ಟು ಸವೆದದ್ದು ಅಂತ. ರಗ್ಗಿಗೆ, ಕೋಟಿಗೆ, ನೆಲಹಾಸಿಗೆ ಹೇಳ್ತಾರೆ. ಹೇಳಿ ಹೇಳಿ ಹಳಸಿದ ಮಾತಿಗೂ ಹೇಳ್ತಾರೆ, ಅತ್ತಿಗೆ."

ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಮುದುಕ, ಹಾಗಾದರೆ ನನ್ನ ಹೆಂಡತಿಯ ಬೈಗುಳಕ್ಕೂ ಒಂದು ಚೀಟಿ ಇರಲಿ ಎಂದ. ರಫೂ ಅಕ್ಕ ನಗಲಿಲ್ಲ. ರಗ್ಗು ಹೋದರೆ ತನಗೂ ಅಲ್ಲಿ ಕೆಲಸವಿಲ್ಲ.

ಗಂಟಿನಿಂದ ಒಂದನ್ನು ಎಳೆದು ಮೇಲ್ವಿಚಾರಕನ ಮುಂದೆ ಹರವಿದಳು. ಇದರಲ್ಲಿ ಎಲ್ಲಿ ಸವೆದಿದೆ, ತೋರಿಸಿ ಎಂದಳು. ಕೆಟ್ಟವನಲ್ಲ ಅವನು. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿ ಹುಡುಕಿದ. ತೂತೂ ಇಲ್ಲ, ತೇಪೆಯ ಗುರುತೂ ಇಲ್ಲ. ತಪ್ಪಾಯಿತೆಂದು ಒಪ್ಪಿ, ಚೀಟಿ ಕಿತ್ತು, ಆ ರಗ್ಗನ್ನು ಹೆಗಲಿಗೇರಿಸಿ, ಬಾಮ್ಮಾ ಎಂದು ಅವಳನ್ನೂ ಕರೆದುಕೊಂಡು ವಾರ್ಡಿಗೆ ನಡೆದ. ಇಷ್ಟು ವರ್ಷಗಳಲ್ಲಿ ಅವಳು ವಾರ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ಕಿಟಕಿ ಪಕ್ಕದ ರೋಗಿಗೆ ಅವನೇ ರಗ್ಗು ಹೊದಿಸಿದ. ಕತ್ತಿಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ಎದೆ ಹೊರಗೆ. ರೋಗಿ ಮಗ್ಗುಲಾಗಿ ಮಂಡಿ ಮಡಚಿ ಮುದುಡಿಕೊಂಡ. ಸಾಲಿನಲ್ಲಿದ್ದವರೆಲ್ಲ ತಂತಮ್ಮ ರಗ್ಗಿನಡಿ ಹಾಗೆಯೇ ಮುದುಡಿ ಮಲಗಿದ್ದರು.

"ಮಿಕ್ಕಿದ್ದು ಎಲ್ಲಿ ಹೋಯ್ತಮ್ಮ?"

"ತೂತುಗಳೊಳಗಿದೆ, ಸಾರ್."

ಅವನು ಚೀಟಿಯನ್ನು ಮತ್ತೆ ಅಂಟಿಸಲಿಲ್ಲ. ಗಂಟು ಗುಜರಿ ಗಾಡಿಗೆ ಹೋಗಲಿ ಎಂದಷ್ಟೇ ಹೇಳಿ ಹೊರಟ.

ರಫೂ ಅಕ್ಕ ಹಿಂದೆಯೇ ಬಂದಿದ್ದ ನಾದಿನಿಯ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು, ಅತ್ತಿಗೆ. ನಿಮ್ಮ ಕೆಲಸ ಹೋಗತ್ತಲ್ಲ ಅಂತ ಯಾರೂ ಬಾಯಿ ಬಿಡ್ಲಿಲ್ಲ."

ರಫೂ ಅಕ್ಕ ರೋಗಿಯ ಪಾದ ಮುಟ್ಟಿ ನೋಡಿದಳು. ತಣ್ಣಗಿತ್ತು.