ದೆವ್ವದ ವೀಣೆ ಪೂಜೆಗೆ ಕೂತಾಗ

ನನ್ನ ಗಂಡ ಬದರಿನಾಥ ದೆವ್ವದ ಸಿನಿಮಾಗಳಿಗೆ ಸಂಗೀತ ಮಾಡುತ್ತಾನೆ. ಕತ್ತಲಾದ ಮೇಲೆ ಟೆರೇಸಿಗೆ ಹೋಗಲು ನನ್ನನ್ನು ಜೊತೆಗೆ ಕರೆಯುವ ಮನುಷ್ಯ. ಅವನ ಮೊದಲ ಚಿತ್ರ ಗೆದ್ದದ್ದು ನನ್ನ ವೀಣೆಯಿಂದ ಎಂದರೆ ಅದು ಜಂಬವಲ್ಲ, ನಿಜ. ಶ್ರುತಿ ಮಾಡುವಾಗ ತಂತಿ ಮೇಲೇರುತ್ತಾ ಬಂದು, ಸ್ವರ ಸೇರುವ ಮೊದಲೇ ನಿಂತುಬಿಡುತ್ತದಲ್ಲ, ಆ ಸದ್ದನ್ನು ಅವನು ದೆವ್ವಕ್ಕೆ ಕೊಟ್ಟಿದ್ದ. ಅದು ಕೇಳಿಸಿತೆಂದರೆ ಬಾಗಿಲ ಹಿಂದೆ ಅವಳು ಬಂದಳೆಂದೇ ಅರ್ಥ. ಥಿಯೇಟರಿನಲ್ಲಿ ಜನ ಕಿವಿ ಮುಚ್ಚಿಕೊಂಡರು.

ಎರಡನೇ ಭಾಗಕ್ಕೆ ಬರುವಾಗ ಅವನಿಗೆ ದೊಡ್ಡದರ ಹುಚ್ಚು ಹಿಡಿಯಿತು. ನಗಾರಿ, ತಮಟೆ, ಕಂಪ್ಯೂಟರಿನ ಪಿಟೀಲುಗಳ ದಂಡು. ಹಳೆಯ ರೆಕಾರ್ಡಿಂಗ್ ಬೇಡ, ಎಲ್ಲ ಹೊಸದಾಗಿ ಬೇಕು ಎಂದು ನಿರ್ಮಾಪಕರು ಮೊದಲೇ ಹೇಳಿದ್ದರು. ವೀಣೆ ಮನೆಯಲ್ಲೇ ಇದೆ, ಕೊನೆಗೆ ನೋಡಿಕೊಂಡರಾಯಿತು ಎಂದು ಇವನು ಮುಂದೂಡಿದ. ಅಷ್ಟರಲ್ಲಿ ನವರಾತ್ರಿ ಬಂತು. ಅತ್ತೆ ಸೀತಮ್ಮ ವೀಣೆಗೆ ರೇಷ್ಮೆ ವಸ್ತ್ರ ಹೊದಿಸಿ ಸರಸ್ವತಿ ಪೂಜೆಗೆ ಇಟ್ಟರು. ಇನ್ನು ವಿಜಯದಶಮಿಯವರೆಗೆ ಅದನ್ನು ಯಾರೂ ನುಡಿಸುವಂತಿಲ್ಲ.

ಆಯುಧಪೂಜೆಯ ಮಧ್ಯಾಹ್ನ ನಿರ್ಮಾಪಕ ದಿನೇಶ್, ಬಿಳೇಕಹಳ್ಳಿಯಲ್ಲಿ ಕಾರಿಗೆ ಪೂಜೆ ಮುಗಿಸಿ, ಹಣೆ ತುಂಬ ಕುಂಕುಮ ಹಚ್ಚಿಕೊಂಡು ಜಯನಗರದ ನಮ್ಮ ಮನೆಗೆ ಬಂದರು. ದಸರಾ ಗೊಂಬೆಗಳ ಪಕ್ಕ ಕೂತು ಚಿತ್ರ ನೋಡಿದರು. ದೆವ್ವಕ್ಕಿಂತ ಮೊದಲೇ ನಗಾರಿ ಬಂದು, ಇಗೋ ಹೆದರಿಕೊಳ್ಳಿ ಎಂದು ಹೇಳಿ ಹೋಗುತ್ತಿತ್ತು. ಅವರು ಹಾಯಾಗಿ ಕಡಲೆಕಾಳಿನ ಉಸಲಿ ಮೆಲ್ಲುತ್ತಿದ್ದರು.

"ಬದರಿ, ನಂಗೆ ಭಯನೇ ಆಗ್ತಿಲ್ಲ. ನಾಳೆವರೆಗೂ ಕಾಯಕ್ಕಾಗಲ್ಲ, ಹಿಂಗೇ ಆದ್ರೆ ಇವತ್ತೇ ಬೇರೆಯವ್ರಿಗೆ ಹೇಳ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ," ಎಂದರು.

ಬದರಿಯ ಮುಖ ಬಾಡಿಹೋಯಿತು. ಈ ಚಿತ್ರ ಕೈಬಿಟ್ಟರೆ ಅವನಿಗೆ ಮತ್ತೆ ಮದುವೆ ರಿಸೆಪ್ಶನ್‌ಗಳ ಕೀಬೋರ್ಡೇ ಗತಿ.

"ಅಮ್ಮಾ, ಒಂದೇ ಒಂದ್ಸಲ ವೀಣೆ ತಗೊಳ್ಲಾ?" ಎಂದ.

"ಪೂಜೆಗೆ ಕೂತಿದೆ ಕಣೋ. ಮುಟ್ಟಿದ್ರೆ ನೋಡು," ಎಂದರು ಅತ್ತೆ.

ನನಗೆ ರೇಗಿತು. "ಹಾಗಾದ್ರೆ ಎಲ್ಲಾ ತೆಗಿ. ನಗಾರಿನೂ ಬೇಡ, ವೀಣೆನೂ ಬೇಡ. ಅವ್ಳು ಬರೋ ಕಡೆ ಏನೂ ಹಾಕ್ಬೇಡ. ಮೊದಲನೇ ಭಾಗ ನೋಡಿದವ್ರು ಆ ಸೌಂಡಿಗೇ ಕಾಯ್ತಾ ಕೂತಿರ್ತಾರೆ, ಕಾಯ್ಲಿ."

ಅವನು ಒಲ್ಲದ ಮನಸ್ಸಿನಿಂದ ಸಂಗೀತವನ್ನೆಲ್ಲ ಮುಚ್ಚಿ ಅದೇ ದೃಶ್ಯ ಹಾಕಿದ. ಉದ್ದನೆಯ ಪಡಸಾಲೆ, ಕೊನೆಯಲ್ಲಿ ಬಾಗಿಲು. ನಮ್ಮ ಫ್ಯಾನಿನ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ದಿನೇಶ್ ಅವರ ಉಸಲಿಯ ಕೈ ಬಾಯಿಯ ಹತ್ತಿರ ನಿಂತಿತು. ಬಾಗಿಲು ಒಂದಿಷ್ಟು ತೆರೆಯಿತು. ಆಗಲೂ ಸದ್ದಿಲ್ಲ. ಅವರು ಚಿತ್ರ ಬಿಟ್ಟು ಪೂಜೆಯ ವೀಣೆಯತ್ತ ತಿರುಗಿ ನೋಡಿದರು.

"ಮೇಡಂ, ಅದನ್ನ ಯಾರೂ ಮುಟ್ಟಲ್ಲ ತಾನೆ?"

"ಇಲ್ಲಪ್ಪ," ಎಂದರು ಅತ್ತೆ.

"ಹಿಂಗೇ ಇರ್ಲಿ ಬದರಿ. ನೀವೇ ಮುಗಿಸಿ." ತಟ್ಟೆ ಕೆಳಗಿಟ್ಟು ಎದ್ದರು. ಹೊರಗೆ ಸುಡುವ ಬಿಸಿಲು. ಮೆಟ್ಟಿಲ ಹತ್ತಿರ ನಿಂತು ಸ್ವಲ್ಪ ನಾಚಿಕೆಯಿಂದ ಕೇಳಿದರು. "ಕಾರಿನ ತನಕ ಜೊತೇಲಿ ಬರ್ತೀರಾ?"

ನನ್ನ ಗಂಡ ಎದೆಯುಬ್ಬಿಸಿಕೊಂಡು ಅವರ ಜೊತೆಗೆ ಹೊರಟ.