ಸಹಿ ಹಾಕದ ಅತ್ತಿಗೆ

ಎತ್ತರದಲ್ಲಿ ಕೆಲಸ ಮಾಡುವವರು ಸೊಂಟಕ್ಕೆ ಬಿಗಿದುಕೊಳ್ಳುವ ಪಟ್ಟಿಗಳನ್ನು ಹೊಲಿಯುವ ಕಾರ್ಖಾನೆ ಅದು. ಅಲ್ಲಿನ ಮೇಲ್ವಿಚಾರಕಿಗೆ ಆ ವಾರ ಒಂದೇ ಚಿಂತೆ. ಹೊಸ ಮ್ಯಾನೇಜರು ಗೋಡೆಗೊಂದು ಬೋರ್ಡು ಹಾಕಿಸಿ, ‘ನಮ್ಮೆಲ್ಲರ ಗುರಿ: ಈ ತಿಂಗಳು ಒಂದೂ ಕೆಟ್ಟ ಪಟ್ಟಿ ಇಲ್ಲ’ ಎಂದು ಬರೆಸಿದ್ದರು. ಶುಕ್ರವಾರದೊಳಗೆ ಮೂವತ್ತೊಂದು ಜನರೂ ಅದರ ಕೆಳಗೆ ಮನಸಾರೆ ಸಹಿ ಹಾಕಿರಬೇಕು, ಅದು ನಿಮ್ಮ ಹೊಣೆ ಎಂದು ಅವಳಿಗೆ ಹೇಳಿದ್ದರು.

ಮೂವತ್ತು ಸಹಿ ಬಿದ್ದವು. ಉಳಿದವಳು, ಹತ್ತು ಪಟ್ಟಿಗೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದು ನೋಡುವ ಹಿರಿಯಳು. ಮೇಲ್ವಿಚಾರಕಿಯ ಅಣ್ಣನ ಹೆಂಡತಿ. ಮನೆಯವಳೇ ಹೀಗೆ ಮಾಡಿದರೆ ಉಳಿದವರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಗುರುವಾರ ಊಟದ ಬಿಡುವಿನಲ್ಲಿ ಅವಳೆದುರು ಕೂತು, ನೀವೊಬ್ಬರು ಹಾಕಿಬಿಟ್ಟರೆ ನನ್ನ ತಲೆನೋವು ತೀರುತ್ತದೆ ಎಂದು ಅಂಗಲಾಚಿದಳು.

ಅತ್ತಿಗೆ ಡಬ್ಬಿಯ ಮುಚ್ಚಳ ಒತ್ತಿದಳು. “ಹೊಲಿಗೆ ತಪ್ಪಿದ್ದನ್ನ ಅವರವರೇ ತಂದು ನನ್ನ ಬುಟ್ಟಿಗೆ ಹಾಕ್ತಿದ್ರು. ಬೋರ್ಡು ಬಂದಾಗಿಂದ ಬುಟ್ಟಿ ಖಾಲಿ. ಕೈಗಳು ಅವೇ, ಮಿಷನ್ನೂ ಅವೇ. ಅಷ್ಟು ಬೇಗ ಎಲ್ಲಾರೂ ದೇವರಾಗಿಬಿಟ್ರಾ?”

ಮೇಲ್ವಿಚಾರಕಿ ಊಟ ಬಿಟ್ಟು ಎದ್ದಳು. ಕಟ್ಟಿಟ್ಟ ಪೆಟ್ಟಿಗೆಗಳು ಮರುದಿನ ಬೆಳಿಗ್ಗೆ ಲಾರಿ ಹತ್ತಬೇಕಿತ್ತು. ಮೂರು ಪೆಟ್ಟಿಗೆ ಬಿಚ್ಚಿಸಿ ಒಂದೊಂದು ಪಟ್ಟಿಯನ್ನೂ ಯಂತ್ರದಲ್ಲಿ ಎಳೆಸಿದಳು. ಆರು ಪಟ್ಟಿಗಳ ಹೊಲಿಗೆ ಬಾಯಿ ಬಿಟ್ಟಿತು.

ಮಿಷನ್ನುಗಳು ನಿಂತವು. ಇವು ಯಾರು ಹೊಲಿದದ್ದು ಎಂದು ಅವಳು ಕೇಳಿದಳು. ಸದಾ ವಟಗುಟ್ಟುತ್ತಿದ್ದರಿಂದ ರೇಡಿಯೊ ಎಂದೇ ಹೆಸರಾಗಿದ್ದ ಹೊಲಿಗೆಯವನು ಮೆಲ್ಲಗೆ ಹೇಳಿದ: “ಎರಡು ನನ್ನವು ಅಕ್ಕಾ. ಸಹಿ ಹಾಕಿದ್ಮೇಲೆ ತಂದು ತೋರಿಸೋದು ಹೇಗೆ ಅನ್ನಿಸ್ತು.”

ಮೇಲ್ವಿಚಾರಕಿ ಮ್ಯಾನೇಜರ ಕೋಣೆಗೆ ಹೋದಳು. ಎಲ್ಲವನ್ನೂ ಹೇಳಿದಳು. ಅವರು, ಹಾಗಾದರೆ ಗುರಿಯೇ ಬೇಡವೇ ಎಂದು ಕೇಳಿದರು.

“ಬೇಕು ಸರ್. ಕೆಟ್ಟದ್ದು ಗೇಟು ದಾಟಬಾರದು ಅಂತ ಬರೆಸಿ. ಒಳಗೇ ಹಿಡಿದು ಕೊಟ್ಟವರನ್ನ ಯಾರೂ ಬೈಬಾರ್ದು.”

ಅದನ್ನು ಆಮೇಲೆ ನೋಡೋಣ, ಲಾರಿ ತಡವಾದರೆ ಅದಕ್ಕೆ ಉತ್ತರ ನಿಮ್ಮದೇ ಎಂದರು. ಹೊರಬಂದು ಅವಳು ಇದ್ದದ್ದನ್ನು ಇದ್ದ ಹಾಗೆ ಜನರಿಗೆ ತಿಳಿಸಿದಳು. ಉಳಿದುಕೊಳ್ಳಿ ಎಂದು ಯಾರಿಗೂ ಹೇಳಲಿಲ್ಲ. ಪಾಳಿ ಮುಗಿದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಉಳಿದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಪಟ್ಟಿಗಳನ್ನು ಎಳೆದು ನೋಡಿದರು. ಇನ್ನೂ ಹದಿಮೂರು ಸಿಕ್ಕವು.

ಸೋಮವಾರ, ಲಾರಿ ತಡವಾದದ್ದಕ್ಕೆ ಅವಳ ಹೆಸರಿಗೆ ಎಚ್ಚರಿಕೆಯ ಪತ್ರ ಬಂತು. ಅದೇ ದಿನ ಬೋರ್ಡಿನ ಸಾಲೂ ಅವಳು ಹೇಳಿದಂತೆ ಬದಲಾಯಿತು. ಲಾರಿ ಹೊರಡುವಾಗ, ಒಂದಾದರೂ ಕಣ್ತಪ್ಪಿ ಹೋಗಿದ್ದರೆ ಎಂಬ ಭಯ ಅವಳಿಗೆ ಈಗಲೂ ಇದೆ. ಆದರೆ ಆ ಹೊತ್ತಿಗೆ ಕಿಟಕಿಯ ಬಳಿ ನಿಂತು ನೋಡುವವಳು ಅವಳೊಬ್ಬಳೇ ಅಲ್ಲ.